ಹಿಂದಿನ ಸಂಜೆಯ ಪ್ರಶ್ನೆ

ಡಾಕ್ಟರಮ್ಮ ಇನ್ನು ಆಪರೇಷನ್ ಮಾಡುವುದಿಲ್ಲವಂತೆ ಎಂಬ ಸುದ್ದಿ ನನಗೆ ಸಿಕ್ಕಿದ್ದು ಔಷಧಿ ಅಂಗಡಿಯಲ್ಲಿ. ಅಂಗಡಿಯವರು ಅದನ್ನು ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು. ನಾನು ಗಾಬರಿಯಾಗಿ ಅಲ್ಲಿಂದಲೇ ಫೋನ್ ಮಾಡಿದೆ. "ಸತ್ತಿಲ್ಲ ಕಣ್ರೀ ಮೇಷ್ಟ್ರೇ, ರಿಟೈರ್ ಆಗ್ತಿದ್ದೀನಿ ಅಷ್ಟೆ. ಶನಿವಾರ ಸಂಜೆ ನರ್ಸಿಂಗ್ ಹೋಮಿಗೆ ಬನ್ನಿ, ಕಾಫಿ ಕುಡಿಯೋಣ. ನಿಮ್ಮ ತಾಯೀನೂ ಕರ್ಕೊಂಡ್ ಬನ್ನಿ" ಎಂದರು. ನಾನು ಬಾಯಿ ತೆಗೆಯುವ ಮೊದಲೇ ಫೋನ್ ಇಟ್ಟರು. ಬರ್ತೀನಿ, ಇಡ್ತೀನಿ ಎನ್ನುವ ಉಪಚಾರವೆಲ್ಲ ಅವರ ಹತ್ತಿರ ಎಂದೂ ಇರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನನ್ನನ್ನು ಬೈಯಲು ಅವರಿಗೊಂದು ಹೊಸ ನೆಪ ಸಿಗುತ್ತದೆ, ಈಗ ಪುರುಸೊತ್ತೂ ಇದೆ. ಯಲಹಂಕ, ಜಕ್ಕೂರು, ಅಮೃತಹಳ್ಳಿ ಸುತ್ತಮುತ್ತ ಹೆಂಗಸರ ಡಾಕ್ಟರುಗಳು ಬೇಕಾದಷ್ಟು ಜನ ಇದ್ದಾರೆ. ಆದರೆ ಬರೀ ಡಾಕ್ಟರಮ್ಮ ಎಂದರೆ ಇವರೇ. ಗರ್ಭಕೋಶದಲ್ಲಿ ಗಡ್ಡೆ ಇದೆ ಎಂದು ಗೊತ್ತಾಗಿ, ಕೋಶವನ್ನೇ ತೆಗೆಸಿಬಿಡಿ ಎಂದು ಊರೆಲ್ಲ ಹೇಳಿದ ಮೇಲೆ, ಅದಕ್ಕೆ ಮನಸ್ಸು ಒಪ್ಪದವರು ಕೊನೆಗೆ ಬಂದು ಸೇರುತ್ತಿದ್ದ ಜಾಗ ಅವರ ನರ್ಸಿಂಗ್ ಹೋಮ್. ಕೆಳಗೆ ಬೇಕರಿ, ಮೇಲೆ ಆಸ್ಪತ್ರೆ. ಲಿಫ್ಟು ಇದ್ದರೂ ಅದು ಆಗಾಗ ಮುನಿಸಿಕೊಂಡು ನಿಲ್ಲುತ್ತಿತ್ತು.

ಎತ್ತರ ಐದಡಿಗೂ ಕಡಿಮೆ. ಥಿಯೇಟರಿನಲ್ಲಿ ಅವರಿಗೆಂದೇ ಒಂದು ಮರದ ಮಣೆ ಮಾಡಿಸಿಟ್ಟಿದ್ದರು, ಅದರ ಮೇಲೆ ನಿಂತರೆ ಮಾತ್ರ ಕೈ ಸರಿಯಾಗಿ ಎಟುಕುತ್ತಿತ್ತು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕಾಲಿಗೆ ಓಡುವವರು ಹಾಕುವಂಥ ಬೂಟು. ಮನೆ ಆರ್.ಟಿ. ನಗರದಲ್ಲಿ. ಹಾಗಾಗಿ ದಿನಾ ಬೆಳಿಗ್ಗೆ ಹೆಬ್ಬಾಳ ದಾಟಿ ಬರಬೇಕು. ಬಂದು ಕುರ್ಚಿಯಲ್ಲಿ ಕೂತ ಮೇಲೆ ಮೊದಲು ಹೆಬ್ಬಾಳದ ಫ್ಲೈಓವರನ್ನು ಕಟ್ಟಿದವರಿಗೆ, ಅಗೆದವರಿಗೆ, ಮತ್ತೆ ಕಟ್ಟುತ್ತಿರುವವರಿಗೆ ಒಂದು ಸುತ್ತು ಮಂಗಳಾರತಿ. ಅದು ಮುಗಿಯುವವರೆಗೆ ಯಾವ ರೋಗಿಯೂ ತನ್ನ ಕಷ್ಟ ಹೇಳುವ ಹಾಗಿರಲಿಲ್ಲ. ಹೇಳಲು ಹೋದವರೂ ಕೊನೆಗೆ ತಾವು ಎಷ್ಟು ಹೊತ್ತು ಸಿಕ್ಕಿಹಾಕಿಕೊಂಡಿದ್ದೆವು ಎಂದು ದನಿಗೂಡಿಸುತ್ತಿದ್ದರು. ಬೇಯಿಸಿದ ಕಡಲೆಕಾಯಿ ಸಿಗುವ ಕಾಲದಲ್ಲಿ ಮೇಜಿನ ಮೇಲೆ ಒಂದು ಪೊಟ್ಟಣ ಇದ್ದೇ ಇರುತ್ತಿತ್ತು, ನಮ್ಮ ಕಡೆಗೂ ತಳ್ಳುತ್ತಿದ್ದರು. ಭಯದಲ್ಲಿ ಬಂದವರು ಸಿಪ್ಪೆ ಸುಲಿಯುತ್ತ ಸ್ವಲ್ಪ ಸಮಾಧಾನಕ್ಕೆ ಬರುತ್ತಿದ್ದರು.

ನನ್ನ ವಿಷಯಕ್ಕೆ ಬರುತ್ತೇನೆ. ನಾನು ಗದಗಿನವಳು. ಯಲಹಂಕದ ಒಂದು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ, ಹೆಂಗಸಾದರೂ ಡಾಕ್ಟರಮ್ಮ ನನ್ನನ್ನು ಮೇಷ್ಟ್ರೇ ಎನ್ನುವುದು ಅದಕ್ಕೇ. ಅಟ್ಟೂರಿನಲ್ಲಿ ಮನೆ, ಮನೆಯಲ್ಲಿ ನಾನು ಮತ್ತು ಅವ್ವ. ಮದುವೆಯಾಗಿಲ್ಲ. ಇದನ್ನು ಹೇಳಬೇಕಾಗಿ ಬಂದದ್ದು ಗಡ್ಡೆಯಿಂದಾಗಿಯೇ ಹೊರತು ಬೇರೆ ಕಾರಣವಿಲ್ಲ. ಮೊದಲ ಸಲ ಗಡ್ಡೆ ಆದಾಗ ಹುಬ್ಬಳ್ಳಿಯಲ್ಲಿ ಸಣ್ಣ ತೂತು ಮಾಡಿ ತೆಗೆದಿದ್ದರು. ಮುಗಿಯಿತು ಎಂದುಕೊಂಡೆ. ಕೆಲವು ವರ್ಷಗಳಲ್ಲಿ ಅವು ಮತ್ತೆ ಬಂದವು, ಈ ಸಲ ಬಂಧುಬಳಗ ಸಮೇತ. ತಿಂಗಳಲ್ಲಿ ಅರ್ಧ ದಿನಗಳು ರಕ್ತಸ್ರಾವದಲ್ಲೇ ಹೋಗುತ್ತಿದ್ದವು. ಕಪ್ಪು ಸೀರೆ, ಕಂದು ಸೀರೆ ಬಿಟ್ಟು ಬೇರೆ ಬಣ್ಣ ಉಡುವುದನ್ನೇ ಬಿಟ್ಟೆ. ಮಹಡಿಯ ಕ್ಲಾಸಿಗೆ ಹೋಗುವಷ್ಟರಲ್ಲಿ ಎದೆ ಡವಡವಗುಟ್ಟಿ, ಹುಡುಗರಿಗೆ ಏನಾದರೂ ಬರೆಯಲು ಕೊಟ್ಟು ಕುರ್ಚಿ ಹಿಡಿದು ಕೂರುತ್ತಿದ್ದೆ.

ಇನ್ನು ಉಪದೇಶ. ಸ್ಟಾಫ್ ರೂಮಿನಲ್ಲಿ, ಪಕ್ಕದ ಮನೆಯಲ್ಲಿ, ಬಸ್ ಸ್ಟಾಪಿನಲ್ಲಿ, ಎಲ್ಲ ಕಡೆಯೂ ಒಂದೇ ಮಾತು: ತೆಗೆಸಿಬಿಡ್ರೀ, ಆರಾಮಾಗಿ ಇರಿ. ಒಂದು ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರೊಬ್ಬರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಮ್ಯಾರೇಜ್ ಆಗಿಲ್ಲ, ನಲವತ್ತು ಹತ್ರ ಬಂತು. ಇಟ್ಕೊಂಡು ಏನ್ ಮಾಡ್ತೀರಾ ಮೇಡಂ?" ಎಂದರು. ನಮ್ಮ ಮನೆಯ ಅಟ್ಟದ ಮೇಲೆ ಉಪಯೋಗಕ್ಕೆ ಬಾರದ ಎಷ್ಟೋ ಸಾಮಾನಿದೆ, ಅದನ್ನು ಎಸೆಯಿರಿ ಎಂದು ಯಾರೂ ನನಗೆ ಹೇಳಿಲ್ಲ. ಹೊಟ್ಟೆಯೊಳಗಿನದಕ್ಕೆ ಮಾತ್ರ ಎಲ್ಲರೂ ಲೆಕ್ಕ ಕೇಳುವವರೇ. ನನಗೆ ಮೈಯೆಲ್ಲ ಉರಿದುಹೋಯಿತು.

ಆದರೆ ಅವ್ವನ ಮಾತಿಗೆ ಉರಿದುಕೊಳ್ಳುವ ಹಾಗಿರಲಿಲ್ಲ. ಅವಳ ಅಕ್ಕ, ನನ್ನ ದೊಡ್ಡವ್ವ, ವರ್ಷಗಟ್ಟಲೆ ಹೀಗೇ ರಕ್ತ ಹೋಗಿ ಹೋಗಿ, ಯಾರಿಗೂ ಹೇಳಿಕೊಳ್ಳದೆ, ಹಿತ್ತಲಲ್ಲಿ ಬಟ್ಟೆ ತೊಳೆಯುತ್ತ ತೊಳೆಯುತ್ತ ಬಿದ್ದು ಸತ್ತಿದ್ದಳು. ಎತ್ತಿ ಒಳಗೆ ತಂದವಳು ಅವ್ವ. "ಅದು ಒಳಗ ಇರೂತನಕ ನನಗ ನಿದ್ದಿ ಇಲ್ಲ. ತೆಗಿಸಿ ಒಗದ ಬಿಡವಾ" ಎನ್ನುತ್ತಿದ್ದಳು. ಅವಳು ಹೆದರಿದ್ದು ನನ್ನ ಜೀವಕ್ಕೆ. ನಾನು ಏಕೆ ಉಳಿಸಿಕೊಳ್ಳಬೇಕೆನ್ನುತ್ತೇನೆ ಎಂದು ಅವಳಿಗೆ ಬಿಡಿಸಿ ಹೇಳಲು ನನ್ನಿಂದಲೂ ಆಗುತ್ತಿರಲಿಲ್ಲ. ಮಗು ಹೆರುವ ಆಸೆ ಅಂತಲ್ಲ. ಅದು ನನ್ನದು, ನನ್ನ ಜೊತೆಗೇ ಇರಲಿ ಎಂಬುದಷ್ಟೇ ನನ್ನ ವಾದ.

ಡಾಕ್ಟರಮ್ಮನ ಹತ್ತಿರ ಮೊದಲ ಸಲ ಹೋದಾಗ ನಾನು ಪ್ರಮೇಯ ಸಾಧಿಸುವವಳ ಹಾಗೆ ಕಾರಣಗಳನ್ನು ಒಂದರ ಕೆಳಗೊಂದು ಜೋಡಿಸಿಕೊಂಡು ಹೋಗಿದ್ದೆ. ಅವರು ಸ್ಕ್ಯಾನ್ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಕೈ ತೊಳೆದು ಬಂದು ಕೂತರು.

"ನಿಮಗೆ ಏನಾಗ್ಬೇಕು?"

"ಗಡ್ಡೆ ಹೋಗಬೇಕು. ಕೋಶ ಉಳೀಬೇಕು."

"ಸರಿ."

ಅಷ್ಟೇ. ನಾನು ಜೋಡಿಸಿಕೊಂಡು ಬಂದದ್ದೆಲ್ಲ ಬಾಯಲ್ಲೇ ಉಳಿಯಿತು. ತಡೆಯಲಾರದೆ, "ಯಾಕೆ ಅಂತ ನೀವು ಕೇಳಲೇ ಇಲ್ಲ" ಎಂದೆ.

"ಹಲ್ಲು ಉಳಿಸ್ಕೊಡಿ ಅಂತ ಬಂದೋರನ್ನ ಡೆಂಟಿಸ್ಟು ಯಾಕೆ ಅಂತ ಕೇಳ್ತಾರೇನ್ರೀ? ಉಳಿಸೋಕಾಗುತ್ತಾ ಅಂತ ನೋಡೋದು ನನ್ನ ಕೆಲ್ಸ. ಯಾಕೆ ಅನ್ನೋದು ನಿಮ್ಮನೆ ವಿಷ್ಯ."

ನಾನು ಅಳುವವಳಲ್ಲ. ಆವತ್ತು ಎದುರಿಗಿದ್ದ ಕಡಲೆಕಾಯಿ ಸಿಪ್ಪೆ ನೋಡುತ್ತ ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಎದ್ದು ಹೋಗಿ ಗೋಡೆಯ ಮೇಲಿನ ಬೋರ್ಡಿನಲ್ಲಿ ಚಿತ್ರ ಬರೆಯತೊಡಗಿದರು. ರೋಗಿಗೆ ಚಿತ್ರ ಬರೆದು ವಿವರಿಸುವುದು ಅವರ ಪದ್ಧತಿ. ಚಿತ್ರಕಲೆ ಮಾತ್ರ ಅವರಿಗೆ ಬಿಲ್‌ಕುಲ್ ಬರುತ್ತಿರಲಿಲ್ಲ. ನನ್ನ ಗರ್ಭಕೋಶ ತೊಟ್ಟು ಮುರಿದ ಬದನೆಕಾಯಿಯ ಹಾಗೆ ಮೂಡಿತು. ಗಡ್ಡೆಗಳನ್ನು ಸುತ್ತ ಸುತ್ತ ಬರೆದರು, ಒಂದಂತೂ ಚೌಕವಾಗಿತ್ತು.

"ಬೇರೆ ಡಾಕ್ಟರು ನಿಂಬೆಹಣ್ಣು, ಮೂಸಂಬಿ ಅಂದಿರ್ತಾರೆ. ನೀವು ಮ್ಯಾಥ್ಸ್ ಮೇಷ್ಟ್ರು, ನಿಮಗೆ ಸೆಂಟಿಮೀಟರಲ್ಲೇ ಹೇಳ್ತೀನಿ" ಎಂದು ಒಂದೊಂದರ ಪಕ್ಕದಲ್ಲೂ ಅಳತೆ ಬರೆದರು. ಆಮೇಲೆ ಒಳ್ಳೆಯದು ಕೆಟ್ಟದ್ದು ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು. ಹುಬ್ಬಳ್ಳಿಯ ಆಪರೇಷನ್ನಿನ ಜಾಗದಲ್ಲಿ ಒಳಗೆಲ್ಲ ಅಂಟಿಕೊಂಡಿರಬಹುದು. ಈ ಸಲ ಸಣ್ಣ ತೂತಿನಲ್ಲಿ ಆಗುವುದಿಲ್ಲ, ಹೊಟ್ಟೆ ತೆರೆಯಬೇಕು. ಅದಕ್ಕೆ ಮೊದಲು ರಕ್ತ ಹೆಚ್ಚಬೇಕು, ಡ್ರಿಪ್ಪಿನಲ್ಲಿ ಕಬ್ಬಿಣಾಂಶ ಕೊಡಬೇಕು, ಗಡ್ಡೆ ಸ್ವಲ್ಪ ಕುಗ್ಗಲು ಕೆಲವು ತಿಂಗಳು ಇಂಜೆಕ್ಷನ್. "ಗಡ್ಡೆ ತೆಗೀತೀನಿ, ಕೋಶ ಉಳಿಸೋಕೆ ನೋಡ್ತೀನಿ. ಮತ್ತೆ ಬರಲ್ಲ ಅಂತ ಮಾತ್ರ ಹೇಳಲ್ಲ. ಬರಬಹುದು. ಬಂದ್ರೆ ಬರ್ಲಿ, ನೋಡ್ಕೊಳೋಣ." ಹೀಗೆ ಯಾವ ಭರವಸೆಯನ್ನೂ ಕೊಡದೆ ಧೈರ್ಯ ತುಂಬುವವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅವರಿಗೆ ಇಂಥ ಆಪರೇಷನ್ನಿನ ಹುಚ್ಚು ಯಾಕೆ ಹಿಡಿಯಿತು ಎಂಬುದರ ಬಗ್ಗೆ ವಾರ್ಡಿನಲ್ಲಿ ತರಹೇವಾರಿ ಕಥೆಗಳಿದ್ದವು. ತಂಗಿಗೆ ಹಾಗಾಗಿತ್ತಂತೆ, ಅವರಿಗೇ ಆಗಿತ್ತಂತೆ, ಇನ್ನೇನೋ. ನಾನು ಒಮ್ಮೆ ನೇರವಾಗಿಯೇ ಕೇಳಿದೆ. "ಏನೂ ಇಲ್ಲ ಕಣ್ರೀ. ನಂಗೆ ಹೊಲಿಗೆ ಚೆನ್ನಾಗಿ ಬರುತ್ತೆ. ತೆಗೆದು ಬಿಸಾಕೋದ್ರಲ್ಲಿ ಹೊಲಿಗೆ ಕಡಿಮೆ" ಎಂದು ನಕ್ಕರು. ಹೊಲಿಗೆಯ ವಿಷಯದಲ್ಲಿ ಅವರಿಗೆ ಜಂಬ ಇತ್ತು. ವಾಸಿಯಾಗಿ ಬಂದವರ ಹೊಟ್ಟೆಯ ಗೆರೆಯನ್ನು ಬೆರಳಲ್ಲಿ ಸವರಿ, "ಎಷ್ಟು ನೇರ ಇದೆ ನೋಡ್ರೀ" ಎಂದು ತಾವೇ ಮೆಚ್ಚಿಕೊಳ್ಳುತ್ತಿದ್ದರು.

ಹಾಗೆಂದು ಅವರು ಎಲ್ಲರಿಗೂ ಉಳಿಸಿಕೊಳ್ಳಿ ಎಂದು ಬೋಧಿಸುವವರಲ್ಲ. ಇದು ತಿಳಿಯಬೇಕಾದರೆ ಅವರ ಒಂದು ಕ್ರಮದ ಬಗ್ಗೆ ಹೇಳಬೇಕು. ಆಪರೇಷನ್ನಿನ ಹಿಂದಿನ ಸಂಜೆ, ರೋಗಿಯನ್ನೂ ಅವಳ ಮನೆಯಿಂದ ಬಂದವರೆಲ್ಲರನ್ನೂ ಅವರು ತಮ್ಮ ಕೋಣೆಯಲ್ಲಿ ಕೂರಿಸುತ್ತಿದ್ದರು. ಕಾಗದಕ್ಕೆ ಸಹಿ ಹಾಕಿಸುವುದು ಹೇಗೂ ಇದ್ದದ್ದೇ, ಅದನ್ನು ನರ್ಸ್ ನೋಡಿಕೊಳ್ಳುತ್ತಿದ್ದಳು. ಡಾಕ್ಟರಮ್ಮ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನಾಳೆ ನಾನು ಏನ್ ಮಾಡ್ಬೇಕು?" ಅದಕ್ಕೆ ರೋಗಿಯೇ, ಎಲ್ಲರ ಮುಂದೆ, ತನ್ನ ಮಾತಿನಲ್ಲಿ ಉತ್ತರ ಹೇಳಬೇಕು. ಹೇಳಿದ ಮೇಲೆ ಮನೆಯವರ ಕಡೆ ತಿರುಗಿ, "ಈಗ ಅವರು ಏನ್ ಹೇಳಿದ್ರು, ನೀವು ಹೇಳಿ" ಎನ್ನುತ್ತಿದ್ದರು. ಮನೆಯವರು ಅದನ್ನು ಹಾಗೇ ತಿರುಗಿ ಹೇಳಬೇಕು. ಅಲ್ಲಿಗೆ ಸಂಜೆಯ ಸಭೆ ಮುಗಿಯುತ್ತಿತ್ತು. ರೋಗಿಯ ಬದಲು ಬೇರೆ ಯಾರಾದರೂ ಬಾಯಿ ಹಾಕಿದರೆ ಮಾರನೆಯ ದಿನದ ಆಪರೇಷನ್ ರದ್ದು. ಇದರಲ್ಲಿ ದಯೆ ದಾಕ್ಷಿಣ್ಯ ಇರಲಿಲ್ಲ.

ಕಬ್ಬಿಣದ ಡ್ರಿಪ್ಪಿಗೆ ನಾನು ಹೋಗುತ್ತಿದ್ದಾಗ ಪಕ್ಕದ ಮಂಚದಲ್ಲಿ ಚಿಕ್ಕಜಾಲದ ಕಡೆಯ ಹೆಂಗಸೊಬ್ಬಳಿದ್ದಳು, ಸೊಪ್ಪು ತರಕಾರಿ ಮಾರುವವಳು. ಇಬ್ಬರು ಹೆಣ್ಣುಮಕ್ಕಳು. ಗಂಡ ಮತ್ತೆ ಮೂರನೆಯದಕ್ಕೆ ನೋಡೋಣ, ಕೋಶ ಉಳಿಸಿಕೊಡಿ ಎನ್ನುತ್ತಿದ್ದ. ಸಂಜೆ ಆ ಕೋಣೆಯಿಂದ ಬಂದವಳು ನನ್ನ ಹತ್ತಿರ ಕೂತು ಖುಷಿಯಾಗಿ ಹೇಳಿದಳು: "ತೆಗ್ದಾಕ್ಬುಡಿ ಡಾಕ್ಟ್ರಮ್ಮ, ನಂಗೆ ಇಂಗೆ ಸಾಕಾಗೈತೆ ಅಂತ ಯೇಳ್ಬುಟ್ಟೆ ಕಣಕ್ಕಾ. ಅವ್ರು ಸರಿ ಅಂದ್ರು. ಆಮ್ಯಾಕೆ ನಮ್ಮೆಜಮಾನ್ರ ಬಾಯಲ್ಲೂ ಅದನ್ನೇ ಯೇಳಿಸುದ್ರು." ಗಂಡ ಬಾಗಿಲ ಹತ್ತಿರ ಮುಖ ಊದಿಸಿಕೊಂಡು ನಿಂತಿದ್ದ. ಮಾರನೆಯ ದಿನ ಡಾಕ್ಟರಮ್ಮ ಅವಳು ಹೇಳಿದ ಹಾಗೇ ಮಾಡಿದರು.

ನನ್ನ ಸಂಜೆಯೂ ಬಂತು. ರಕ್ತ ಸಾಕಷ್ಟು ಹೆಚ್ಚಿತ್ತು. ಕಾಲೇಜಿಗೆ ರಜೆ ಹಾಕಿ, ಪ್ರಿನ್ಸಿಪಾಲರು ಮುಖ ಗಂಟಿಕ್ಕಿದ್ದನ್ನೂ ಸಹಿಸಿಕೊಂಡು, ಚೀಲ ಕಟ್ಟಿಕೊಂಡು ಅವ್ವನ ಜೊತೆ ಹೋಗಿ ಅಡ್ಮಿಟ್ ಆಗಿದ್ದೆ. ಕೋಣೆಯಲ್ಲಿ ಡಾಕ್ಟರಮ್ಮ, ಅವರ ಕೈಕೆಳಗೆ ಕಲಿಯುತ್ತಿದ್ದ ಒಬ್ಬ ಎಳೆಯ ಡಾಕ್ಟರ್ ಹುಡುಗಿ, ನಾನು, ಅವ್ವ. "ನಾಳೆ ನಾನು ಏನ್ ಮಾಡ್ಬೇಕು?" ಎಂದು ಡಾಕ್ಟರಮ್ಮ ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವ್ವ ಕೈ ಮುಗಿದುಬಿಟ್ಟಳು. ನಮ್ಮ ಕಡೆ ದೊಡ್ಡ ಹೆಂಗಸರನ್ನು ಕರೆಯುವ ಹಾಗೆ ಅವಳು ಡಾಕ್ಟರಮ್ಮನನ್ನು ಬಾಯಾರ ಎನ್ನುತ್ತಿದ್ದಳು.

"ಬಾಯಾರ, ಆಕೀದೇನ ಕೇಳ್ತೀರಿ? ಆಕಿ ಹಟಮಾರಿ. ನಿಮಗ ಹೆಂಗ ಚಲೋ ಕಾಣತೈತಿ ಹಂಗ ಮಾಡ್ರಿ. ತೆಗಿಯೂದ ಆದ್ರ ತೆಗದ ಬಿಡ್ರಿ. ನಾ ತಾಯಿ ಅದೀನಿ, ನಾ ಹೇಳ್ತೀನಿ."

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. "ನಾಳೆ ಇಲ್ಲ. ಮನೆಗೆ ಹೋಗಿ."

ನಾನು ಬೇಡಿಕೊಂಡೆ. ರಜೆ ಮತ್ತೆ ಸಿಗುವುದಿಲ್ಲ ಎಂದೆ, ನಾನು ಈಗಲೇ ಹೇಳುತ್ತೇನೆ ಎಂದೆ. ಅವರು ಬಗ್ಗಲಿಲ್ಲ. "ನಿಮ್ಮಮ್ಮಂದು ತಪ್ಪಿಲ್ಲ ಮೇಷ್ಟ್ರೇ. ಆದ್ರೆ ನಾಳೆ ಒಳಗಡೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಕಿವೀಲಿ ಒಂದೇ ಮಾತು ಇರ್ಬೇಕು. ಎರಡಿದ್ರೆ ನಂಗೆ ಕೈ ಓಡಲ್ಲ. ಇಬ್ರೂ ಮಾತಾಡ್ಕೊಂಡು ಬನ್ನಿ." ಆ ಹೊತ್ತಿನಲ್ಲಿ ನನಗೆ ಅವರನ್ನು ಆ ಮಣೆಯಿಂದಲೇ ಹೊಡೆಯಬೇಕು ಅನ್ನಿಸಿತ್ತು. ಆಟೋದಲ್ಲಿ ಅಟ್ಟೂರಿನವರೆಗೂ ನಾನು ಅವ್ವನ ಜೊತೆ ಮಾತಾಡಲಿಲ್ಲ. ಅವಳು ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಹೊರಗೆ ನೋಡುತ್ತ ಕೂತಿದ್ದಳು.

ಮಾತಾಡಿಕೊಳ್ಳಿ ಎಂದರೇನೋ ಸುಲಭ. ಹಲವು ದಿನ ನಮ್ಮಿಬ್ಬರ ನಡುವೆ ಅನ್ನ ಸಾರು ಬಡಿಸುವಷ್ಟೇ ಮಾತು. ಕೊನೆಗೆ ಒಂದು ಮಧ್ಯಾಹ್ನ ಅವ್ವನೇ ಬಾಯಿ ಬಿಟ್ಟಳು. ನನಗೆ ಹೇಳಿದ್ದು ನನ್ನ ಬಗ್ಗೆ ಅಲ್ಲ, ದೊಡ್ಡವ್ವನ ಬಗ್ಗೆ. ದೊಡ್ಡವ್ವನಿಗೆ ಏನು ಬೇಕು ಎಂದು ಒಬ್ಬರಾದರೂ ಕೇಳಿದ್ದರೆ ಅವಳು ಏನನ್ನುತ್ತಿದ್ದಳೋ ಗೊತ್ತಿಲ್ಲ, ತಾನೂ ಕೇಳಲಿಲ್ಲ ಎಂದು ಅತ್ತಳು. ಮತ್ತೆ, "ನೀ ಏನರ ಹೇಳ್ಕೊ. ನನಗ ಸರಿ ಅನಸೂದಿಲ್ಲ. ಆದ್ರ ನಡುವ ಬಾಯಿ ಹಾಕೂದಿಲ್ಲ" ಎಂದಳು. ಒಪ್ಪಿಗೆ ಅಲ್ಲ ಅದು, ರಾಜಿ. ನನಗೆ ಅಷ್ಟು ಸಾಕಾಗಿತ್ತು.

ಎರಡನೆಯ ಸಂಜೆ ಅದೇ ಕೋಣೆ, ಅದೇ ಪ್ರಶ್ನೆ. ನಾನು ಹೇಳಿದೆ: ಗಡ್ಡೆಗಳನ್ನು ತೆಗೆಯಿರಿ, ಕೋಶ ಇರಲಿ. ಡಾಕ್ಟರಮ್ಮ ಬಿಡಲಿಲ್ಲ. "ರಕ್ತ ನಿಲ್ದೇ ಹೋದ್ರೆ?" ನಾನು ಆ ಪ್ರಶ್ನೆಯ ಜೊತೆಗೇ ಅಷ್ಟೂ ದಿನ ಮಲಗಿ ಎದ್ದಿದ್ದೆ. "ಜೀವಕ್ಕೆ ಬಂತು ಅಂದರೆ ತೆಗೆಯಿರಿ, ನಾನು ಸಾಯಲು ಬಂದಿಲ್ಲ. ಕಷ್ಟ ಆಯಿತು ಅಂತ ತೆಗೆಯಬೇಡಿ" ಎಂದೆ. ಅವರು ಅವ್ವನ ಕಡೆ ತಿರುಗಿದರು. ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಒಲ್ಲದ ದನಿಯಲ್ಲಿ, ಒಂದು ಮಾತೂ ಬಿಡದೆ ಅದನ್ನೇ ಹೇಳಿದಳು.

ಮಾರನೆಯ ದಿನ ಕಣ್ಣು ಬಿಟ್ಟಾಗ ಬಾಯಿ ಒಣಗಿತ್ತು, ಕೈಗೆ ರಕ್ತದ ಬಾಟಲಿ ಹಾಕಿದ್ದರು. ಮಂಚದ ಪಕ್ಕ ಕುರ್ಚಿಯಲ್ಲಿ ಡಾಕ್ಟರಮ್ಮ ಬೂಟು ಬಿಚ್ಚಿ, ಕಾಲು ಚಾಚಿ ಕೂತಿದ್ದರು. "ಇದೆ ಕಣ್ರೀ" ಎಂದರು. ಏನು ಎಂದು ನಾನು ಕೇಳಬೇಕಾಗಲಿಲ್ಲ. ಸಾಮಾನ್ಯವಾಗಿ ಆಸ್ಪತ್ರೆಗಳಲ್ಲಿ ತೆಗೆದದ್ದನ್ನು ಟ್ರೇಯಲ್ಲಿ ಹಾಕಿ ಹೊರಗಿರುವ ಮನೆಯವರಿಗೆ ತೋರಿಸಿ ಕಳಿಸುತ್ತಾರೆ. ಡಾಕ್ಟರಮ್ಮ ನನಗೆ ಪೂರ್ತಿ ಎಚ್ಚರವಾಗುವವರೆಗೆ ಕಾದು ನನಗೇ ಮೊದಲು ತೋರಿಸಿದರು. ಬಿಳಿಬಿಳಿ ಉಂಡೆಗಳು, ದೊಡ್ಡವು ಸಣ್ಣವು. ಇವುಗಳಿಗಾಗಿ ಇಷ್ಟು ವರ್ಷ ಕಂದು ಸೀರೆ ಉಟ್ಟೆನಲ್ಲ ಎಂದು ನನಗೆ ನಗು ಬಂತು, ನಕ್ಕರೆ ಹೊಲಿಗೆ ಎಳೆಯಿತು. "ನಗ್ಬೇಡಿ, ನನ್ನ ಹೊಲಿಗೆ ಹಾಳಾಗುತ್ತೆ" ಎಂದು ಗದರಿದರು.

ಅಲ್ಲಿಂದಾಚೆಗೆ ನನ್ನ ಬದುಕು ಮತ್ತೆ ನನ್ನ ಕೈಗೆ ಬಂತು. ಮಹಡಿ ಹತ್ತಿ ಹೋಗಿ ನಿಂತುಕೊಂಡೇ ಪಾಠ ಮಾಡಿದೆ. ರಜೆ ಮುಗಿಸಿ ಹೋದ ಮೇಲಿನ ಮೊದಲ ಸಂಬಳದಲ್ಲಿ ಹಳದಿ ಸೀರೆ ಕೊಂಡೆ, ಅದನ್ನು ಉಟ್ಟುಕೊಂಡು ತೋರಿಸಲೆಂದೇ ನರ್ಸಿಂಗ್ ಹೋಮಿಗೆ ಹೋದೆ. "ಬಣ್ಣ ಚೆನ್ನಾಗಿಲ್ಲ" ಎಂದರು ಡಾಕ್ಟರಮ್ಮ. ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ ಅವರ ಮುಂದೆ ಕೂತು ಬರುವುದು ಒಂದು ಹಬ್ಬದ ಹಾಗೆ ಆಯಿತು. ಕಾಲೇಜಿನಲ್ಲಿ ಯಾರಿಗಾದರೂ ಇಂಥ ತೊಂದರೆ ಎಂದು ಕೇಳಿದರೆ ನಾನೇ ಅಲ್ಲಿಗೆ ಕಳಿಸುತ್ತಿದ್ದೆ. ಆ ಅಮ್ಮನ ಕೈ ಒಂದು ಸಲವೂ ಹಿಂಜರಿದಿಲ್ಲ ಎಂದು ಹೇಳಿ ಕಳಿಸುತ್ತಿದ್ದೆ. ನನಗೆ ಹಾಗೆಂದು ಯಾರೂ ಹೇಳಿರಲಿಲ್ಲ, ಅವರನ್ನು ನೋಡಿದರೆ ಹಾಗನ್ನಿಸುತ್ತಿತ್ತು.

ಹೀಗಿರುವಾಗ ಈ ವರ್ಷದ ಸ್ಕ್ಯಾನಿನಲ್ಲಿ ಮತ್ತೊಂದು ಕಂಡಿತು. ಸಣ್ಣದು, ಸದ್ಯಕ್ಕೆ ಏನೂ ಮಾಡಬೇಕಿಲ್ಲ ಎಂದು ಸ್ಕ್ಯಾನ್ ಮಾಡಿದವರು ಹೇಳಿದರು. ಆದರೆ ಅದು ಕಂಡ ವಾರವೇ ಡಾಕ್ಟರಮ್ಮನ ರಿಟೈರ್‌ಮೆಂಟಿನ ಸುದ್ದಿ ಬಂದರೆ ನನ್ನ ಸ್ಥಿತಿ ಏನಾಗಬೇಡ? ಶನಿವಾರ ಅಲ್ಲಿಗೆ ಹೋದಾಗ ನಾನು ಕಾಫಿ ಕುಡಿಯುವ ಮನಸ್ಸಿನಲ್ಲಿ ಇರಲಿಲ್ಲ. ಮಂಡಿನೋವೆಂದು ಅವ್ವ ಬಂದಿರಲಿಲ್ಲ. ಕೋಣೆಯಲ್ಲಿ ಡಾಕ್ಟರಮ್ಮ, ಪಕ್ಕದಲ್ಲಿ ಆವತ್ತಿನ ಎಳೆಯ ಡಾಕ್ಟರ್ ಹುಡುಗಿ. ಹುಡುಗಿ ಎನ್ನುವುದು ನನ್ನ ಅಭ್ಯಾಸ, ಈಗ ಅವಳೇ ಅಲ್ಲಿನ ದೊಡ್ಡ ಡಾಕ್ಟರು. ನಾನು ಸ್ಕ್ಯಾನ್ ಹೊರಗೆ ತೆಗೆದು ಡಾಕ್ಟರಮ್ಮನ ಕೈಗೆ ಕೊಡಲು ಹೋದೆ. ಅವರು ಕೈ ಚಾಚಲಿಲ್ಲ.

"ಅವಳಿಗೆ ಕೊಡಿ."

"ನೀವು ಒಂದು ಸಲ ನೋಡಿ. ಮುಂದೆ ಆಪರೇಷನ್ ಅಂತಾದರೆ ನೀವೇ ಬಂದು ಮಾಡಬೇಕು. ಬೇರೆಯವರ ಕೈಗೆ ನಾನು ಕೊಡುವುದಿಲ್ಲ" ಎಂದೆ. ಆ ಹುಡುಗಿಯ ಎದುರೇ ಹೀಗೆ ಹೇಳಿದೆ.

ಡಾಕ್ಟರಮ್ಮ ಕಾಫಿ ಲೋಟ ಕೆಳಗಿಟ್ಟರು. "ನನ್ನನ್ನ ಏನ್ ದೇವ್ರು ಅಂದ್ಕೊಂಡಿದ್ದೀರಾ? ಕೂತ್ಕೊಳಿ, ಒಂದ್ ವಿಷ್ಯ ಹೇಳ್ತೀನಿ. ನಿಮ್ಮ ಆಪರೇಷನ್ ದಿನ ಒಂದನ್ನ ಬಿಟ್ಟು ಎಲ್ಲಾ ಗಡ್ಡೆ ತೆಗೆದಾಗಿತ್ತು. ಕೊನೇದು ಹಿಂದುಗಡೆ, ಕೆಳಗೆ ಕೂತಿತ್ತು. ಅದನ್ನೂ ತೆಗೆದೆ, ರಕ್ತ ನಿಲ್ಲಲಿಲ್ಲ. ಹೊಲಿಗೆ ಹಾಕ್ದೆ, ಇನ್ನೊಂದು ಹಾಕ್ದೆ, ಆಗ್ಲೂ ನಿಲ್ಲಲಿಲ್ಲ. ಅರಿವಳಿಕೆ ಡಾಕ್ಟ್ರು ಕೋಶ ತೆಗೆದ್ಬಿಡಿ ಮೇಡಂ ಅಂದ್ರು. ಜೀವಕ್ಕೆ ಬಂದಿರ್ಲಿಲ್ಲ ಕಣ್ರೀ. ಬಾಟಲಿ ರಕ್ತ ಇತ್ತು, ಬಿಪಿ ಸರಿ ಇತ್ತು. ಆದ್ರೆ ನಂಗೆ ಭಯ ಆಗ್ಬಿಡ್ತು. ತೆಗೆದ್ರೆ ಹತ್ತು ನಿಮಿಷದಲ್ಲಿ ಮುಗಿಯುತ್ತೆ ಅನ್ನಿಸ್ತು. ಇವಳನ್ನ ಹೊರಗೆ ಕಳಿಸ್ದೆ, ಅವರಮ್ಮನ್ನ ಕೇಳ್ಕೊಂಡು ಬಾ ಅಂತ."

ಆ ಸಂಜೆಗಳ ನಿಷ್ಠುರವೆಲ್ಲ ಕಣ್ಮುಂದೆ ಬಂತು. "ಅವ್ವನನ್ನ ಕೇಳಿದಿರಾ? ನೀವಾ?"

"ಹೂಂ, ನಾನೇ. ನಿಮ್ಮಮ್ಮ ತೆಗೀರಿ ಅಂತಾರೆ ಅಂತ ಗೊತ್ತಿತ್ತು. ಅದಕ್ಕೇ ಕಳಿಸಿದ್ದು. ಯಾರಾದ್ರೂ ಹೂಂ ಅಂದ್ಬಿಡ್ಲಿ ಅಂತ."

ಹುಡುಗಿ ಅಲ್ಲಿಂದ ಮುಂದುವರಿಸಿದಳು. "ನಾನು ಹೊರಗೆ ಬಂದಾಗ ಆಂಟಿ ಬೆಂಚ್ ಮೇಲೆ ಕೂತಿದ್ರು. ನನ್ನ ಕೈಮೇಲಿನ ರಕ್ತ ನೋಡಿ ಎದ್ದು ನಿಂತ್ಬಿಟ್ರು. ಬ್ಲೀಡಿಂಗ್ ಜಾಸ್ತಿ ಆಗ್ತಿದೆ, ತೆಗೆದ್ಬಿಡ್ಲಾ ಅಂತ ಕೇಳ್ದೆ. ಜೀವಕ್ಕ ಬಂದೈತೇನು ಅಂದ್ರು. ಇನ್ನೂ ಇಲ್ಲ, ಕಷ್ಟ ಆಗ್ತಿದೆ ಅಂದೆ. ಆಮೇಲೆ, ಹಂಗಾದ್ರ ನನ್ನ ಯಾಕ ಕೇಳ್ತೀರಿ, ಆಕಿ ಏನ ಹೇಳ್ಯಾಳ ಅನ್ನೂದನ್ನ ನಿಮ್ಮ ಬಾಯಾರ ನನ್ನ ಬಾಯಿಂದಾನ ಹೇಳ್ಸ್ಯಾರ, ಹೋಗಿ ಅದನ್ನ ಹೇಳ್ರಿ ಅಂದ್ರು. ನಾನು ಒಳಗೆ ಹೋಗಿ ಹಾಗೇ ಹೇಳ್ದೆ."

"ನನ್ನ ಪ್ರಶ್ನೆ ನಂಗೇ ವಾಪಸ್ ಬಂತು" ಎಂದರು ಡಾಕ್ಟರಮ್ಮ. "ಬೈಸ್ಕೊಂಡ ಹಾಗಾಯ್ತು. ಮತ್ತೆ ಕೈ ಹಾಕ್ದೆ. ರಕ್ತ ಬರೋ ಕಡೆ ಇವಳು ಬೆರಳಿಟ್ಟು ಒತ್ತಿ ಹಿಡ್ಕೊಂಡ್ಳು, ನಾನು ಹೊಲ್ದೆ. ನಿಲ್ತು. ಆವತ್ತು ಇವಳ ಬೆರಳು ನಡುಗಲಿಲ್ಲ, ನಡುಗಿದ್ದು ನಂದು. ಈಗ ಸ್ಕ್ಯಾನ್ ಯಾರಿಗ್ ಕೊಡ್ತೀರಾ?"

ಇಷ್ಟು ವರ್ಷ ಹಿಂಜರಿಯದ ಕೈ ಎಂದು ನಾನು ಊರಿಗೆಲ್ಲ ಸಾರಿದ್ದ ಆ ಕೈಯನ್ನು ನೋಡಿದೆ. ಅದು ಕಡಲೆಕಾಯಿ ಸುಲಿಯುತ್ತಿತ್ತು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತನ್ನ ಬಗ್ಗೆ ಇಂಥದೊಂದು ಸುದ್ದಿಯನ್ನು ಬೀಳ್ಕೊಡುಗೆಯ ದಿನ ತಾನೇ ಎದುರಿಗಿಡುವ ಇನ್ನೊಬ್ಬ ಡಾಕ್ಟರನ್ನು ನಾನು ಕಂಡಿಲ್ಲ. ಮೊದಲಿಗಿಂತ ಹೆಚ್ಚು ಇಷ್ಟವಾದರು. ಸ್ಕ್ಯಾನನ್ನು ಹುಡುಗಿಯ ಕೈಗೆ ಕೊಟ್ಟೆ. ಅವಳು ಬೋರ್ಡಿನ ಹತ್ತಿರ ಹೋಗಿ ಚಿತ್ರ ಬರೆದಳು, ಅದು ಅಚ್ಚುಕಟ್ಟಾಗಿ ಗರ್ಭಕೋಶದ ಹಾಗೇ ಇತ್ತು. ಡಾಕ್ಟರಮ್ಮ ಅದನ್ನು ನೋಡಿ ಮೂಗು ಮುರಿದರು.

ಮನೆಗೆ ಬಂದಾಗ ಅವ್ವ ಟಿವಿಯ ಮುಂದೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನಾನು ಟಿವಿ ಆರಿಸಿ ಎದುರಿಗೆ ಕೂತೆ. ಎಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಬಾಯಾರ ತಾವ ಹೇಳಿದ್ರೇನು?" ಎಂದಳು.

"ಹೌದು. ನಿನಗ ಅಂಜಿಕಿ ಆಗಲಿಲ್ಲೇನವ್ವಾ? ನೀನ ತೆಗಿಸಬೇಕು ಅಂತಿದ್ದಿ."

"ಆ ಹುಡುಗಿ ಒಳಗ ಹೋಗಿ ಬಾಗಲಾ ಹಾಕ್ಕೊಂಡ ಮ್ಯಾಲ, ಹೂ ಅನಬೇಕಿತ್ತೇನೋ, ಮಗಳನ್ನ ಕೊಂದೇನೇನೋ ಅನಕೋತ ಕುಂತಿದ್ದೆ. ನಮ್ಮಕ್ಕ ಕಣ್ಮುಂದ ಬಂದ್ಲು." ಇಷ್ಟು ವರ್ಷ ಇದನ್ನು ಒಬ್ಬಳೇ ಹೊತ್ತುಕೊಂಡು, ನನಗೆ ದಿನಾ ರೊಟ್ಟಿ ಬಡಿದು ಹಾಕಿದ್ದಳು. ನನಗೆ ಅಳು ತಡೆಯಲಾಗಲಿಲ್ಲ.

"ಮತ್ತ ನನಗ ಯಾಕ ಹೇಳಲಿಲ್ಲ ನೀ?"

ಅವ್ವ ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ಹಾಕಿ, ಕಡ್ಡಿಗಳನ್ನು ಒಂದು ಕಡೆ ಸರಿಸಿ, ನನ್ನ ಮುಖ ನೋಡಿದಳು.

"ಹೇಳಿದ್ರ ಬಾಯಾರ ಅಂಜಿದ್ರು ಅನ್ನೂದು ನಿನಗ ಗೊತ್ತಾಗತಿತ್ತು. ಆ ಗಡ್ಡಿ ಹೊಳ್ಳಿ ಬರೂ ಜಾತೀದು. ಬಂದಾಗ ನೀ ಯಾರನ್ನ ನಂಬಿ ಹೋಗಾಕಿದ್ದಿ?"